ಪುಸ್ತಕದ ಬೋಣಿಗೆ

ಹಳೆಯ ಪುಸ್ತಕ ತೆರೆದರೆ ಎಲ್ಲರಿಗೂ ಏನೇನೋ ಸುವಾಸನೆ ಬರುತ್ತದಂತೆ. ನನಗೆ ಸೀನು ಬರುತ್ತದೆ. ಮೊನ್ನೆ ಕೋರ್ಟಿನ ಕೆಲಸಕ್ಕೆಂದು ಹಾವೇರಿಗೆ ಹೋದವಳು, ರಸ್ತೆ ಬದಿ ಗೋಣಿತಟ್ಟಿನ ಮೇಲೆ ಹರಡಿದ್ದ ಹಳೆಯ ಕಾದಂಬರಿಗಳಲ್ಲಿ ಒಂದನ್ನೆತ್ತಿ ಮೊದಲ ಪುಟ ತೆರೆದೆ ನೋಡಿ, ಮೂಗಿಗೆ ಮೆಣಸಿನಕಾಯಿಯ ಘಾಟು ಬಂದು ಬಡಿಯಿತು. ನಿಂತಲ್ಲೇ ಮೇಲಿಂದ ಮೇಲೆ ಸೀನಿದೆ. ಮಾರುವವನು "ಧೂಳ ಐತ್ರಿ ಅಕ್ಕಾರ, ಝಾಡಿಸಿ ಕೊಡ್ತೇನಿ" ಅಂದ. ಧೂಳಲ್ಲ ಅದು, ನನಗೆ ಗೊತ್ತು. ಬ್ಯಾಡಗಿಯ ಯಾವುದೋ ಮನೆಯಿಂದ ಬಂದ ಪುಸ್ತಕ. ನಮ್ಮದೇ ಇರಬಹುದೇ ಅಂತ ಹಿಂದೆ ಮುಂದೆ ತಿರುಗಿಸಿದೆ, ರಟ್ಟಿನ ಒಳಗೆ ಬೆರಳಾಡಿಸಿದೆ, ಇವನಿಗೆ ಇದು ಎಲ್ಲಿ ಸಿಕ್ಕಿತು ಅಂತ ಅವನ ಮುಖವನ್ನೂ ಒಮ್ಮೆ ದಿಟ್ಟಿಸಿದೆ. ಪಾಪ, ಅವನು ಗಾಬರಿಯಾದ. ಈ ಸಂಶಯದ ಗುಣ ನನಗೆ ಅಜ್ಜಿಯಿಂದ ಬಂದದ್ದು. ಮನೆ ಹೋಯಿತು, ಗೋದಾಮು ಹೋಯಿತು, ಆ ಜಾಗದಲ್ಲಿ ಈಗ ಯಾರದೋ ಲಾಡ್ಜು ಎದ್ದಿದೆ. ಗುಣ ಮಾತ್ರ ನನ್ನ ಪಾಲಿಗೆ ಉಳಿಯಿತು. ನಿಮಗೂ ನಿಮ್ಮ ಹಳೆಯ ಮನೆಯಿಂದ ಇಂಥದ್ದೇನೋ ಬಂದಿರುತ್ತದೆ, ಬೇಡವೆಂದರೂ ಬಿಡದಂಥದ್ದು.

ಬ್ಯಾಡಗಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಭಾಗವೆಲ್ಲ ಮೆಣಸಿನಕಾಯಿ ಗೋದಾಮು, ಹಿಂದೆ ನಾವು. ಸುಗ್ಗಿಯಲ್ಲಿ ಚೀಲಗಳು ಪಡಸಾಲೆಗೂ ಬಂದು ಕೂರುತ್ತಿದ್ದವು. ಹಾಸಿಗೆ, ದಿಂಬು, ಹಾಲಿನ ಮೇಲಿನ ಕೆನೆ, ಎಲ್ಲಕ್ಕೂ ಅದೇ ಘಾಟು. ನೆಂಟರು ಒಳಗೆ ಬಂದರೆ ಕೆಮ್ಮುತ್ತಿದ್ದರು, ನಾವು ನಗುತ್ತಿದ್ದೆವು. ಬಾಗಿಲ ಪಕ್ಕದ ಕಟ್ಟೆ ಅಜ್ಜಿಯದು. ಅಲ್ಲಿ ಕೂತು ಆಕೆ ಇಡೀ ಜಗತ್ತನ್ನು ಅನುಮಾನಿಸುತ್ತಿದ್ದಳು. ಹಾಲಿನವಳ ಹಾಲಿಗೆ ಬೆರಳದ್ದಿ ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡುವಳು. ಕಾಯಿಪಲ್ಲೆಯವನ ತಕ್ಕಡಿಯ ತಳ ತಡವುವಳು. ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗೆ ಬೀಜ ಸದ್ದು ಮಾಡದಿದ್ದರೆ "ನೀರ ಹೊಡದಾನ, ಬಾಡ್ಯಾ" ಅಂತ ಅಲ್ಲೇ ತೀರ್ಪು ಕೊಡುವಳು. ಇನ್ನು ಬೋಣಿಗೆಯ ವಿಷಯಕ್ಕಂತೂ ಕೇಳಲೇಬೇಡಿ. ಅಂಗಡಿ ತೆರೆದ ಮೇಲೆ ಆಗುವ ಮೊದಲ ವ್ಯಾಪಾರ ಬೋಣಿಗೆ; ಅದು ಹೇಗೋ ಇಡೀ ದಿನ ಹಾಗೆ ಅನ್ನುವುದು ಪೇಟೆಯವರ ನಂಬಿಕೆ. ಅಜ್ಜಿ ಅದನ್ನು ಪೇಟೆಯಲ್ಲಿ ಬಿಡದೆ ಮನೆಯೊಳಗೂ ತಂದಿದ್ದಳು. ಬೆಳಿಗ್ಗೆ ಎದ್ದು ಮೊದಲು ಆಡುವ ಮಾತಿನಲ್ಲಿ "ಇಲ್ಲ" ಬರಬಾರದು, ಹೊಸ ಗಡಿಗೆಯಲ್ಲಿ ಮೊದಲು ಖಾರದ್ದು ಮಾಡಬಾರದು. ಮತ್ತು ಮನೆಯೊಳಗೆ ಬರುವ ಪುಸ್ತಕದ ಮೊದಲ ಸಾಲು ಅಶುಭದ್ದಿರಬಾರದು.

ಪುಸ್ತಕಕ್ಕೂ ಬೋಣಿಗೆ ಇದೆ ಅನ್ನುವುದು ಅಜ್ಜಿಯ ಸ್ವಂತ ಶೋಧ. ಇದಕ್ಕೆ ಕಾರಣ ಲೀಲತ್ತಿ, ಅಪ್ಪನ ತಂಗಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ರಾಣೇಬೆನ್ನೂರಿನ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ, ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದಳು. ಬರುವಾಗ ಬಗಲಚೀಲದಲ್ಲಿ ಒಂದು ಕಾದಂಬರಿ ಇದ್ದೇ ಇರುತ್ತಿತ್ತು. ಅಜ್ಜಿಗೆ ಓದು ಬಾರದು. ಮಗಳನ್ನು ಕಟ್ಟೆಯ ಮುಂದೆಯೇ ತಡೆದು, "ಏನೈತಿ ಬೋಣಿಗಿ? ಓದು" ಅನ್ನುವಳು. ಸಾವು, ಅಳು, ಖಾಲಿ, ಕೊನೆ ಇಂಥ ಶಬ್ದ ಮೊದಲ ಸಾಲಿನಲ್ಲಿ ಕೇಳಿಸಿದರೆ ಆ ಪುಸ್ತಕ ಗೋದಾಮಿನಲ್ಲೇ ಉಳಿಯಬೇಕು. ಈಗ ನೀವೇ ಹೇಳಿ, ದೊಡ್ಡವರು ಅನ್ನಿಸಿಕೊಂಡ ಲೇಖಕರು ಯಾರಾದರೂ ಊಟ ಮಾಡಿ ಎಲೆಯಡಿಕೆ ಹಾಕಿಕೊಂಡವನಿಂದ ಕತೆ ಶುರು ಮಾಡುತ್ತಾರೆಯೇ? ಬಾಗಿಲು ತೆರೆಯುತ್ತಲೇ ಒಂದು ಹೆಣ, ಇಲ್ಲವೇ ಬಿರುಗಾಳಿ, ಅದೂ ಇಲ್ಲದಿದ್ದರೆ ಯಾರೋ ಊರು ಬಿಟ್ಟು ಹೊರಟಿರಬೇಕು. ಆದರೆ ಲೀಲತ್ತಿ ತಂದ ಪುಸ್ತಕಗಳಲ್ಲಿ ಒಂದೂ ಗೋದಾಮಿಗೆ ಹೋಗಲಿಲ್ಲ. ಆಕೆ ಸೆರಗು ಸರಿ ಮಾಡಿಕೊಂಡು, ಪುಟ ತೆರೆದು, ಗಂಟಲು ಸರಿಪಡಿಸಿಕೊಂಡು ಓದುವಳು: "ಮಳೆ ಬಂದ ಮಾರನೆಯ ದಿನ ಊರಿನ ಎತ್ತುಗಳೆಲ್ಲ ನಗುತ್ತಿದ್ದಂತೆ ಕಂಡವು." ಇನ್ನೊಂದು ದಿನ: "ಆ ಮನೆಯಲ್ಲಿ ಅಂದು ಹಾಲು ಉಕ್ಕಿ ಒಲೆಯೆಲ್ಲ ತೊಯ್ದರೂ ಯಾರೂ ಯಾರನ್ನೂ ಬೈಯಲಿಲ್ಲ." ಅಜ್ಜಿ ಕಣ್ಣು ಮುಚ್ಚಿ ಕೇಳಿ, "ಹಾಂ, ಒಯ್ಯಿ ಒಳಗ" ಅನ್ನುವಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ನಗುವ ಎತ್ತುಗಳಿಗೆ ಮುಂದೇನಾಯಿತೋ ನೋಡೋಣ ಅಂತ ಒಂದು ಮಧ್ಯಾಹ್ನ ಆ ಪುಸ್ತಕ ತೆಗೆದೆ. ಎತ್ತೂ ಇಲ್ಲ, ಮಳೆಯೂ ಇಲ್ಲ. ಮೊದಲ ಸಾಲಿನಲ್ಲೇ ಒಬ್ಬ ಸತ್ತು ಬಿದ್ದಿದ್ದ. ಹಾಲು ಉಕ್ಕಿದ ಪುಸ್ತಕ ತೆರೆದೆ, ಅದರಲ್ಲಿ ಊರಿಗೇ ಬೆಂಕಿ ಬಿದ್ದಿತ್ತು. ಸಂಜೆ ಲೀಲತ್ತಿಯನ್ನು ಮಾಳಿಗೆ ಮೇಲೆ ಎಳೆದುಕೊಂಡು ಹೋಗಿ "ನೀ ಸುಳ್ಳು ಓದ್ತಿ" ಅಂದೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಸುಳ್ಳಲ್ಲವಾ ಅದು, ಒಳಗ ಬರಾಕ ಟಿಕೆಟ್ಟು. ಟಿಕೆಟ್ಟಿಲ್ಲದ ನಿಮ್ಮಜ್ಜಿ ಯಾರನ್ನರ ಬಿಡ್ತಾಳೇನು?" ಅಂದಳು. ಅಂದಿನಿಂದ ನಾನು ಆಕೆಯ ಕಡೆಯವಳಾದೆ. ಆದರೂ ನನ್ನ ಸಂಶಯ ಪೂರಾ ಹೋಗಲಿಲ್ಲ. ಇಷ್ಟು ಪುಸ್ತಕಗಳು ಎಲ್ಲಿಂದ ಬರುತ್ತವೆ? ಕೇಳಿದರೆ, "ನಮ್ಮ ಸಾಲ್ಯಾಗ ಗಣಿತದ ಮಾಸ್ತರ ಅದಾರ, ಅವರು ಕೊಡ್ತಾರ" ಅನ್ನುವಳು. ಗಣಿತದ ಮಾಸ್ತರರಿಗೆ ಕಾದಂಬರಿ ಯಾಕೆ ಬೇಕು ಅಂತ ನಾನು ಬಹಳ ಯೋಚಿಸಿದೆ.

ಅಜ್ಜಿಯೂ ಯೋಚಿಸುತ್ತಿದ್ದಳು ಅಂತ ಕಾಣುತ್ತದೆ. ಇಷ್ಟು ಪುಸ್ತಕಗಳಲ್ಲಿ ಒಂದರ ಬೋಣಿಗೆಯೂ ಕೆಡಲಿಲ್ಲವೆಂದರೆ ತಕ್ಕಡಿಯಲ್ಲಿ ಎಲ್ಲೋ ಮೋಸ ಇದೆ ಅನ್ನುವ ಲೆಕ್ಕ ಆಕೆಯದು. ನನ್ನನ್ನು ಕೇಳಲಿಲ್ಲ. "ನೀ ಆಕಿ ಚೇಲಾ" ಅಂತ ಮೊದಲೇ ಹೇಳಿಟ್ಟಿದ್ದಳು. ಒಂದು ಶನಿವಾರ ಕದರಮಂಡಲಗಿಯ ಆಂಜನೇಯನಿಗೆ ಕಾಯಿ ಒಡೆಸಲು ನನ್ನನ್ನು ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ, ಕಾಯಿಯ ಜೊತೆ ಅರಿವೆಯಲ್ಲಿ ಲೀಲತ್ತಿಯ ಪುಸ್ತಕವೂ ಇದೆ! "ಆಕೆ ಹೊಸಿಲಿಗೆ ಕುಂಕುಮವಿಟ್ಟು ಏಳುವಾಗ ಅಂಗಳದ ತುಂಬ ಬಿಸಿಲು ಬಂದು ಕೂತಿತ್ತು" ಅಂತ ಹಿಂದಿನ ಸಂಜೆ ಒಳಗೆ ಬಂದ ಪುಸ್ತಕ. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು.

"ತಂಗಿ, ಓದಾಕ ಬರತೈತೇನು ನಿನಗ?" ಅಜ್ಜಿ ಕೇಳಿದಳು.

"ಬಿಎ ಮಾಡಾಕತ್ತೇನ್ರಿ ಅಜ್ಜಿ."

"ಬಿಎ ಇರಲಿ. ಇದರ ಮೊದಲಿನ ಸಾಲಷ್ಟ ಓದು. ಇದ್ದದ್ದು ಇದ್ದಂಗ ಓದು."

ಹುಡುಗಿ ನಗುತ್ತ ಓದಿದಳು: "ಆಕೆ ಹೊಸಿಲು ದಾಟಿ ಹೋದಾಗ ತಾಯಿ ಮಲಗಿದ್ದಳು."

ಅಜ್ಜಿ ಮತ್ತೊಮ್ಮೆ ಓದಿಸಿದಳು. "ಎಲ್ಲಿಗೆ ಹೋದಳಂತ?" ಅಂದಳು. "ಅದು ಮುಂದ ಇರತೈತ್ರಿ, ಓದಲೇನು?" ಅಂತ ಹುಡುಗಿ ಪುಟ ತಿರುಗಿಸಲು ಹೋದರೆ, "ಬ್ಯಾಡ" ಅಂದವಳೇ ಪುಸ್ತಕ ಕಸಿದುಕೊಂಡು ಅರಿವೆಯಲ್ಲಿ ಸುತ್ತಿಬಿಟ್ಟಳು. ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಅಂತ ಕಾದೆ. ಬೈಗುಳ ಬರಲಿಲ್ಲ. ಗುಡಿಯಲ್ಲಿ ಕಾಯಿ ಒಡೆದು ಕೈಗೆ ಕೊಟ್ಟರೆ, ಎಂದೂ ಮೂಸಿ ನೋಡದೆ ಬಿಡದವಳು ಅಂದು ಸುಮ್ಮನೆ ಚೀಲಕ್ಕೆ ಹಾಕಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ, ಮಗಳು ಸುಳ್ಳು ಓದಿದಳಲ್ಲ ಅಂತ ಸಿಟ್ಟಾಗುತ್ತಿದ್ದರು. ಅಜ್ಜಿಗೆ ಸುಳ್ಳಿನ ಚಿಂತೆ ಇರಲೇ ಇಲ್ಲ. ಮನೆಯೊಳಗೆ ಬಂದ ಬೋಣಿಗೆ ಮನೆಗೆ ತಟ್ಟುತ್ತದೆ, ಆ ಹೊಸಿಲು ನಮ್ಮದೇ, ಆ ತಾಯಿ ತಾನೇ, ಅಂತ ಆಕೆ ಖಾತ್ರಿ ಮಾಡಿಕೊಂಡುಬಿಟ್ಟಿದ್ದಳು. ಮರುದಿನದಿಂದ ಮಧ್ಯಾಹ್ನದ ನಿದ್ದೆ ಬಿಟ್ಟಳು. ಲೀಲತ್ತಿ ಶಾಲೆಗೆ ಹೋದ ದಿನವೂ ಅಷ್ಟೇ, ರಜೆಯ ದಿನವೂ ಅಷ್ಟೇ. ಗೋಡೆಗೆ ಒರಗಿ, ಕಣ್ಣು ಎಳೆದೆಳೆದು ಬಿಡುತ್ತ, ಬಾಗಿಲು ಕಾಯುತ್ತ ಕೂರುತ್ತಿದ್ದಳು. "ಯಾಕಬೇ, ಅಡ್ಡಾಗಬಾರದ?" ಅಂತ ಅಪ್ಪ ಕೇಳಿದರೆ, "ನಿದ್ದಿ ಹತ್ತವಲ್ದು" ಅನ್ನುವಳು. ಕೂತಲ್ಲೇ ತೂಕಡಿಸಿ ಬೆಚ್ಚಿ ಏಳುವಳು, ಎದ್ದು "ಲೀಲಾ ಎಲ್ಲಿ?" ಅನ್ನುವಳು.

ಈ ಹುಚ್ಚು ಲೆಕ್ಕ ತಪ್ಪಾಗಿದ್ದರೆ ನಕ್ಕು ಬಿಡಬಹುದಿತ್ತು. ತಪ್ಪಾಗಿರಲಿಲ್ಲ. ಆ ದಿನಗಳಲ್ಲೇ ಲೀಲತ್ತಿ ಮಾಳಿಗೆ ಮೇಲೆ ಒಣ ಹಾಕಿದ ಮೆಣಸಿನಕಾಯಿಯಲ್ಲಿ ಕೈಯಾಡಿಸುತ್ತ ನನಗೆ ಹೇಳಿದ್ದಳು. ಗಣಿತದ ಮಾಸ್ತರರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರು ಮದುವೆಯಾಗೋಣವೇ ಅಂತ ಕೇಳಿದ್ದರು, ಈಕೆ ಹೂಂ ಅಂದಿದ್ದಳು. ಅಪ್ಪ ಒಪ್ಪಿದ್ದ. ಆದರೆ ಅವ್ವನಿಗೆ ನೀನೇ ಹೇಳು ಅಂದುಬಿಟ್ಟಿದ್ದ. ಗಂಡ ಸತ್ತ ಮಗಳು ಮತ್ತೆ ಬಾಸಿಂಗ ಕಟ್ಟಿಕೊಳ್ಳುವುದೆಂದರೆ ನಮ್ಮ ಓಣಿಯಲ್ಲಿ ಆಗ ಸಣ್ಣ ಮಾತಲ್ಲ. ಅಜ್ಜಿ ಬೇಡವೆಂದರೆ ಅಲ್ಲಿಗೆ ಮುಗಿಯಿತು, ತಾಯಿಯನ್ನು ನೋಯಿಸಿ ಹೋಗುವವಳಲ್ಲ ಲೀಲತ್ತಿ. "ಹೆಂಗ ಚಾಲೂ ಮಾಡ್ಲಿ?" ಅಂತ ನನ್ನನ್ನು ಕೇಳಿದಳು. ಯಾರದೋ ಹೆಣವನ್ನು ನಗುವ ಎತ್ತು ಮಾಡಿದವಳಿಗೆ ತನ್ನ ಕತೆಯ ಮೊದಲ ಸಾಲು ಸಿಗುತ್ತಿರಲಿಲ್ಲ. "ಅವ್ವಾ, ಒಂದು ಮಾತು ಹೇಳ್ಲೇನು ಅನ್ನು" ಅಂದೆ. "ಹಂಗಂದರ ಅರ್ಧಾ ಸಂಶೇ ಅಲ್ಲೇ ಬರತೈತಿ ಆಕಿಗೆ" ಅಂತ ತಲೆ ಅಲ್ಲಾಡಿಸಿದಳು.

ಕಡೆಗೆ ಮಾತು ತೆಗೆದವಳು ಅಜ್ಜಿಯೇ. ಒಂದು ರವಿವಾರ ಮಧ್ಯಾಹ್ನ ಆ ಪುಸ್ತಕವನ್ನು ಮಗಳ ಮುಂದೆ ಇಟ್ಟು "ಓದು" ಅಂದಳು. ಲೀಲತ್ತಿ ನಗುತ್ತ ಅದೇ ಕುಂಕುಮ, ಅದೇ ಬಿಸಿಲು ಓದಿದಳು. ಅಜ್ಜಿ ಕೇಳಿಸಿಕೊಂಡು, "ಅದಲ್ಲ. ನಾ ಮಲಗಿದ್ದನ್ನ ಓದು" ಅಂದಳು.

ಲೀಲತ್ತಿ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ಆಮೇಲೆ ಆಕೆ ಓದಿದಳು, ಇದ್ದದ್ದು ಇದ್ದಂಗೆ. "ಎಲ್ಲಿಗೆ ಹೊಂಟೀದಿ?" ಅಜ್ಜಿ ಕೇಳಿದಳು. ಲೀಲತ್ತಿ ಹೇಳಿದಳು, ಎಲ್ಲಾ ಹೇಳಿದಳು. ಅಜ್ಜಿ ಮೆಣಸಿನಕಾಯಿ ಅಲುಗಿಸಿ ನೋಡಿದ ಹಾಗೆ ಒಂದೊಂದಾಗಿ ಕೇಳತೊಡಗಿದಳು. "ಕುಡಿತಾನೇನು?" "ಇಲ್ಲವ್ವಾ." "ಇಲ್ಲ ಅಂತ ಯಾರ ಹೇಳಿದರು? ಅವನ? ಇರಲಿ, ಮೊದಲಿನಾಕಿ ಹೆಂಗ ಸತ್ತಳು?" "ಜಡ್ಡಾಗಿ." "ಏನ ಜಡ್ಡು? ದವಾಖಾನಿಗೆ ತೋರ್ಸಿದ್ನೋ ಇಲ್ಲೋ?" ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಕೇಳುವುದು ಮುಗಿದ ಮೇಲೆ ಅಜ್ಜಿ ಪುಸ್ತಕ ಮುಚ್ಚಿ ಮಗಳ ಕೈಗಿಟ್ಟಳು.

"ಹೋಗೂದಾದರ ನಾ ಎಚ್ಚರ ಇದ್ದಾಗ ಹೋಗವಾ," ಅಂದಳು. "ಅಷ್ಟ ಮಾಡು."

ಲೀಲತ್ತಿ ಅಜ್ಜಿಯ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಮದುವೆ ಹಾವೇರಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅಜ್ಜಿ ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅವರ ಬಾಯಿಯ ಹತ್ತಿರ ಹೋಗಿ ವಾಸನೆಯನ್ನೂ ನೋಡಿದಳು. ಓಣಿಯವರು ಆಡಿಕೊಂಡರೆ ಕಟ್ಟೆಯಿಂದಲೇ ಬೈದು ಬಾಯಿ ಮುಚ್ಚಿಸಿದಳು. ಮದುವೆಯಾಗಿ ಹೊರಟ ದಿನ ಅಜ್ಜಿ ಎಚ್ಚರ ಇದ್ದಳು, ಹಿಂದಿನ ರಾತ್ರಿಯೂ ಮಲಗಿರಲಿಲ್ಲ. ಅಜ್ಜಿಯೂ ಇಲ್ಲ, ಲೀಲತ್ತಿಯೂ ಇಲ್ಲ ಈಗ.

ಲೀಲತ್ತಿ ಮಾಸ್ತರರ ಮನೆಗೆ ಹೋದ ಮೇಲೆ ನಮ್ಮಲ್ಲಿಗೆ ಹೊಸ ಪುಸ್ತಕ ಬರುವುದು ನಿಂತಿತು. ಆದರೂ ಸಂಜೆ ರೈಲಿನ ಹೊತ್ತಿಗೆ ಅಜ್ಜಿ ಕಟ್ಟೆಗೆ ಬಂದು ಕೂರುತ್ತಿದ್ದಳು. ಒಂದು ಸಂಜೆ ನನ್ನನ್ನು ಕರೆದು, "ಯಾವುದರ ಒಂದು ತಗೊಂಡು ಬಾ, ಬೋಣಿಗಿ ಓದು" ಅಂದಳು. ಸಿಕ್ಕಿದ್ದು ತಂದು ಇದ್ದದ್ದು ಓದಿದೆ. "ಹಂಗಲ್ಲ. ನಿಮ್ಮತ್ತಿ ಓದಿದಂಗ ಓದು" ಅಂದಳು. ನಾನು ತಲೆ ಕೆರೆದುಕೊಂಡು ಹೂವು, ಹಾಲು, ಹೊಸ ಸೀರೆ ಎಲ್ಲಾ ಹಾಕಿ ಒಂದು ಸಾಲು ಕಟ್ಟಿದೆ. ಅಜ್ಜಿ ಕೇಳಿದಳು. "ಚಲೋ ಐತಿ," ಅಂದಳು, "ಆದರ ಸುಳ್ಳು." ನನಗೆ ಸಿಟ್ಟು ಬಂತು. "ಲೀಲತ್ತಿ ಓದಿದ್ದೂ ಸುಳ್ಳ ಇತ್ತಲ್ಲ?" ಅಂದೆ.

"ಆಕಿ ಏನರ ಓದ್ಲಿ," ಅಂದಳು ಅಜ್ಜಿ, "ಆಕಿ ಮನಿಗೆ ಬಂದಾಳ ಅನ್ನೂದು ಖರೇ ಇರ್ತಿತ್ತಲ್ಲ."