ಮಂಡ್ಯದಲ್ಲಿದ್ದವನು ಜಯನಗರದಲ್ಲಿ ಪೇಪರ್ ಬಿಡಿಸಿದ್ದು

ಹನುಮಂತನಗರದ ನಮ್ಮ ಮನೆಯಲ್ಲಿ ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಆಗ ಕರೆಂಟ್ ಇತ್ತಾ?" ಇರಲಿಲ್ಲ ಎಂದರೆ ಕಥೆ ಅಲ್ಲಿಗೇ ಮುಗಿಯಿತು. ಇತ್ತು ಎಂದರೆ ಇನ್ನೊಂದು ಪ್ರಶ್ನೆ, "ಊಟ ಆಗಿತ್ತಾ?" ಹಸಿದವರ ಕಣ್ಣಿಗೆ ಏನು ಬೇಕಾದರೂ ಕಾಣುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಇದೇ ಕಾರಣಕ್ಕೆ ನಮ್ಮ ಸೋದರತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ಆದರೆ ನಾನು ಈಗ ಹೇಳಹೊರಟಿರುವುದು ನಡೆದಾಗ ಕರೆಂಟ್ ಇತ್ತು, ಹೊಟ್ಟೆ ತುಂಬಿತ್ತು, ಹೊರಗೆ ಇನ್ನೂ ಬೆಳಕಿತ್ತು. ನನ್ನ ಪ್ರಶ್ನೆಗಳು ನನಗೇ ಉಪಯೋಗಕ್ಕೆ ಬರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಜಯನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ನಮ್ಮ ಆಫೀಸು. ಹೊರಗಿನಿಂದ ಹತ್ತಿಬರಲು ಕಬ್ಬಿಣದ ಸುತ್ತು ಮೆಟ್ಟಿಲು. ಬೆಕ್ಕು ಹತ್ತಿದರೂ ಅದು ಠಣಠಣ ಎನ್ನುತ್ತಿತ್ತು. ಬೇರೆಯವರ ಲೆಕ್ಕಪತ್ರ, ಹೆಸರಿನ ಪಟ್ಟಿಗಳನ್ನು ಕಂಪ್ಯೂಟರಿಗೆ ಹಾಕಿ ಮುದ್ರಿಸಿಕೊಡುವುದು ನಮ್ಮ ಕಸುಬು. ನಾನು ಟೈಪಿಂಗ್ ಕಲಿತು ಬಂದು ಕಂಪ್ಯೂಟರ್ ಆಪರೇಟರ್ ಎನಿಸಿಕೊಂಡವಳು. ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ದೇವರು. ದೇವರೇನೋ ಸುಮ್ಮನೆ ಕುಳಿತಿರುತ್ತಿತ್ತು. ಕಾಟವೆಲ್ಲ ಅದರ ಪಕ್ಕದ ಪ್ರಿಂಟರಿನದು.

ಈಗಿನವರಿಗೆ ಆ ಪ್ರಿಂಟರ್ ಗೊತ್ತಿರಲಾರದು. ಅದಕ್ಕೆ ಬಿಡಿ ಹಾಳೆ ಹಾಕುವಂತಿರಲಿಲ್ಲ. ಎರಡೂ ಅಂಚಿನಲ್ಲಿ ಸಾಲಾಗಿ ತೂತುಗಳಿರುವ ಒಂದೇ ಉದ್ದದ ಕಾಗದ, ಮಡಿಕೆ ಮಡಿಕೆಯಾಗಿ ಪೆಟ್ಟಿಗೆಯಲ್ಲಿರುತ್ತಿತ್ತು. ಎರಡು ಹಲ್ಲಿನ ಗಾಲಿಗಳು ಆ ತೂತುಗಳನ್ನು ಹಿಡಿದು ಕಾಗದವನ್ನು ಮೇಲೆಳೆಯಬೇಕು. ಒಂದು ಕಡೆಯ ತೂತು ಹಲ್ಲಿನಿಂದ ಜಾರಿತೋ, ಕಾಗದ ಸೊಟ್ಟಗಾಗಿ ಒಳಗೇ ಮುದ್ದೆಯಾಗುತ್ತಿತ್ತು. ಪ್ರಿಂಟರಿಗೆ ಅದರ ಪರಿವೆಯೇ ಇಲ್ಲ. ಕರಕರ ಎನ್ನುತ್ತ ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಕುಟ್ಟುತ್ತಿತ್ತು.

ಅದನ್ನು ಸರಿಮಾಡಲು ಬರುತ್ತಿದ್ದವನು ಗೋವಿಂದರಾಜು, ಜರಗನಹಳ್ಳಿಯ ಹುಡುಗ. ಒಳ್ಳೆಯ ಕೆಲಸಗಾರ, ಆದರೆ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಕನಕಪುರ ರಸ್ತೆಯ ಬಸ್ಸುಗಳಿಂದ ಹಿಡಿದು ಅವರಜ್ಜಿಯ ಮಂಡಿನೋವಿನವರೆಗೆ ಎಲ್ಲವನ್ನೂ ಹೇಳುತ್ತಲೇ ಪೇಪರ್ ಬಿಡಿಸುತ್ತಿದ್ದ. ಮಾತಿನ ಮಧ್ಯೆಯೇ ಹರಿದುಹಾಕಿದ ತೂತಿನ ಅಂಚುಪಟ್ಟಿಗಳೆರಡನ್ನು ಒಂದರ ಮೇಲೊಂದು ಅಡ್ಡಡ್ಡ ಮಡಚುತ್ತ ಸ್ಪ್ರಿಂಗಿನಂಥದ್ದೊಂದು ಮಾಡಿ ಪ್ರಿಂಟರ್ ಮೇಲೆ ಇಟ್ಟುಹೋಗುವುದು ಅವನ ಅಭ್ಯಾಸ.

ಆ ಭಾನುವಾರ ಒಂದು ಶಾಲೆಯ ಪರೀಕ್ಷೆಯ ಫಲಿತಾಂಶ ಮುದ್ರಿಸಬೇಕಿತ್ತು. ಮರುದಿನ ಬೆಳಿಗ್ಗೆ ಪೋಷಕರು ಶಾಲೆಯ ಗೇಟಿನಲ್ಲಿ ನಿಂತಿರುತ್ತಾರೆ. ಆಫೀಸಿನ ಯಜಮಾನರು ನನಗೊಬ್ಬಳಿಗೇ ಕೆಲಸ ಒಪ್ಪಿಸಿ ನಂಟರ ಗೃಹಪ್ರವೇಶಕ್ಕೆ ಹೋಗಿದ್ದರು. ನಮ್ಮನ್ನು ನಂಬದ ಹೆಡ್‌ಮಿಸ್ಟ್ರೆಸ್ ಸುಶೀಲಮ್ಮನವರು ಫ್ಲಾಸ್ಕು, ಕೊಡೆ, ಒಂದು ಡಬ್ಬಿ ಬಿಸಿಬೇಳೆಬಾತು ಸಮೇತ ಮಧ್ಯಾಹ್ನವೇ ಬಂದು ಪ್ರಿಂಟರಿನ ಎದುರು ಕುರ್ಚಿ ಹಾಕಿಸಿಕೊಂಡು ಕುಳಿತರು. ಅವರ ಸ್ವಭಾವಕ್ಕೆ ಹೆದರಿ ನಾನೂ ಬಾತು ತಿಂದೆ.

ಏಳನೇ ತರಗತಿಗೆ ಬರುವ ಹೊತ್ತಿಗೆ ಪೇಪರ್ ಸಿಕ್ಕಿಕೊಂಡಿತು. ಎಳೆದು ಸರಿಮಾಡಿದೆ. ಮತ್ತೆ ಸಿಕ್ಕಿಕೊಂಡಿತು. ಮುದ್ದೆಯಾದ ಹಾಳೆಯನ್ನು ಬಿಡಿಸಿ ಕನ್ನಡಕ ಏರಿಸಿಕೊಂಡು ನೋಡಿದ ಸುಶೀಲಮ್ಮನವರು, "ಏನಮ್ಮಾ ಇದು, ಒಬ್ಬನ ತಲೆ ಮೇಲೆ ಇಡೀ ಕ್ಲಾಸಿನ ಮಾರ್ಕ್ಸು ಹೊಡೆದಿದೆ! ಇವನು ಕನ್ನಡದಲ್ಲೇ ಪಾಸಾಗೋನಲ್ಲ," ಎಂದರು.

ನನಗೆ ಗೊತ್ತಿದ್ದುದೆಲ್ಲ ಮಾಡಿದೆ. ಕಾಗದದ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸಿದೆ. ತೂತುಗಳನ್ನು ಎರಡೂ ಕಡೆ ಎಣಿಸಿ ಹೊಂದಿಸಿದೆ. ಪ್ರಿಂಟರ್ ಆರಿಸಿ ಹಾಕಿದೆ. ಕೊನೆಗೆ ಯಾರಿಗೂ ಕಾಣದ ಹಾಗೆ ಅದಕ್ಕೊಂದು ಏಟನ್ನೂ ಕೊಟ್ಟೆ. ಸುಶೀಲಮ್ಮನವರಿಗೆ ಕಂಡಿತು.

"ಹೊಡೆದ್ರೆ ಕಲಿಯಲ್ಲ ಕಣಮ್ಮ. ನಾನೂ ನೋಡಿದ್ದೀನಿ."

ಗೋವಿಂದರಾಜುವಿನ ಮನೆಯಲ್ಲಿ ಫೋನಿರಲಿಲ್ಲ. ಅವರ ಮನೆಯ ಪಕ್ಕದ ದಿನಸಿ ಅಂಗಡಿಗೆ ಮಾಡಿದೆ. ಅಂಗಡಿಯವನು ಸಂಭ್ರಮದಲ್ಲಿದ್ದ. "ರಾಜು ಮಂಡ್ಯಕ್ ಹೋಗವ್ನೆ ಮೇಡಂ, ಹೆಣ್ ನೋಡಕ್ಕೆ! ಮನೇರೆಲ್ಲ ಮೆಟಡೋರ್ ಮಾಡ್ಕೊಂಡ್ ಹೋದ್ರು. ನಾಳೆ ಬನ್ನಿ!"

ಫೋನ್ ಇಟ್ಟೆ. ಅಳುವೇ ಬಂತು. ಕೆಲಸ ಕೆಟ್ಟರೆ ಯಜಮಾನರು ನನ್ನನ್ನು ಬಿಡಿಸಿ ತಮ್ಮ ಷಡ್ಡಕನ ಮಗಳನ್ನು ಆ ಕುರ್ಚಿಯಲ್ಲಿ ಕೂರಿಸಲು ಕಾಯುತ್ತಿದ್ದರು. ಸುಶೀಲಮ್ಮನವರು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಮುಂದಿಟ್ಟರು. ಅದನ್ನು ಕುಡಿಯುತ್ತ ತಲೆಯೆತ್ತಿದೆ. ಬಾಗಿಲಲ್ಲಿ ಗೋವಿಂದರಾಜು ನಿಂತಿದ್ದ.

ಹೊಸ ಕೆನೆಬಣ್ಣದ ಷರ್ಟು, ಹಣೆಯಲ್ಲಿ ಕುಂಕುಮ, ಎಣ್ಣೆ ಹಚ್ಚಿ ಬಾಚಿದ ತಲೆ. ಹೆಣ್ಣು ನೋಡಲು ಹೊರಟ ಗಂಡೇ ಸರಿ. "ಅಯ್ಯೋ, ಮಂಡ್ಯಕ್ಕೆ ಹೋಗ್ಲಿಲ್ವಾ?" ಎಂದೆ. ಉತ್ತರವಿಲ್ಲ. ನೇರ ಬಂದು ಪ್ರಿಂಟರಿನ ಮುಚ್ಚಳ ತೆಗೆದ. ಕಾಗದ ಸುತ್ತಿಬರುವ ರೋಲರಿನ ಅಡಿಗೆ ಹೆಬ್ಬೆರಳು ತೂರಿಸಿ ಹುಡುಕಿ, ಉಗುರಗಲದ ಒಂದು ಕಾಗದದ ಚೂರು ತೆಗೆದ. ನಾನು ಎಳೆದಾಗ ಹರಿದು ಉಳಿದದ್ದು. ಆಮೇಲೆ ಬಗ್ಗಿ, ಮೇಜಿನ ಮಗ್ಗುಲಿನಲ್ಲಿದ್ದ ಕಾಗದದ ಪೆಟ್ಟಿಗೆಯನ್ನು ಪ್ರಿಂಟರಿನ ಹಿಂದಕ್ಕೆ, ಸರಿಯಾಗಿ ಅದರ ನೇರಕ್ಕೆ ತಳ್ಳಿದ. ಕಾಗದ ಓರೆಯಾಗಿ ಬರುತ್ತಿದ್ದುದು ನನಗೆ ಆಗ ಹೊಳೆಯಿತು. ಗುಂಡಿ ಒತ್ತಿದ. ಪ್ರಿಂಟರ್ ಜಾಣಮಗುವಿನಂತೆ ಬರೆಯತೊಡಗಿತು.

"ಏನಪ್ಪಾ, ಕೇಳಿದ್ರೆ ಉತ್ತರ ಕೊಡೋದನ್ನ ಕಲಿಸಿಲ್ವಾ ನಿಂಗೆ? ಮನೇಲಿ ಹೇಳಿ ಬಂದಿದ್ದೀಯೋ ಇಲ್ವೋ?" ಎಂದು ಸುಶೀಲಮ್ಮನವರು ಗದರಿದರು.

ಅವನು ಅವರತ್ತ ತಿರುಗಿ, ಪಾಠ ಬರದ ಹುಡುಗನಂತೆ ತಲೆ ತಗ್ಗಿಸಿದ. ನಾನು ಹೊರಬರುತ್ತಿದ್ದ ಹಾಳೆಗಳನ್ನು ಜೋಡಿಸುತ್ತಿದ್ದೆ. ಮತ್ತೆ ನೋಡಿದಾಗ ಅವನಿರಲಿಲ್ಲ. ಮೆಟ್ಟಿಲಿನ ಸದ್ದು ಬರುವಾಗಲೂ ಕೇಳಿರಲಿಲ್ಲ, ಹೋಗುವಾಗಲೂ ಕೇಳಲಿಲ್ಲ. ಪ್ರಿಂಟರಿನ ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಬರುವಾಗ ಪ್ರಿಂಟರ್ ನಿಂತಿತ್ತಲ್ಲ ಎಂಬುದು ಮನೆಗೆ ಹೋಗುವ ಬಸ್ಸಿನಲ್ಲಿ ನೆನಪಾಯಿತು.

ಫಲಿತಾಂಶ ಮುಗಿಯಿತು, ನನ್ನ ಕುರ್ಚಿ ಉಳಿಯಿತು. ಎರಡು ದಿನ ಬಿಟ್ಟು ಗೋವಿಂದರಾಜು ಬಂದ. ಮುಖ ಬಾಡಿತ್ತು. ಬಂದವನೇ, "ಮೇಡಂ, ಭಾನುವಾರ ಸಂಜೆ ಪ್ರಿಂಟರ್ ಜಾಮ್ ಆಗಿತ್ತಾ?" ಎಂದ.

"ನೀವೇ ಬಂದು ಸರಿ ಮಾಡಿದ್ರಲ್ಲ!"

ಅವನು ಕುರ್ಚಿ ಇದೆಯೋ ಇಲ್ಲವೋ ನೋಡದೆ ಕುಳಿತ. ಪುಣ್ಯಕ್ಕೆ ಇತ್ತು. ಆಮೇಲೆ ಹೇಳಿದ: "ಆವಾಗ ನಾನು ಮಂಡ್ಯದಲ್ಲಿದ್ದೆ ಮೇಡಂ. ಹುಡುಗಿ ಮನೇಲಿ ಕೇಸರಿಬಾತ್ ತಟ್ಟೆ ಕೈಗ್ ಕೊಟ್ರು. ಅಷ್ಟರಲ್ಲಿ ಕಿವೀಲಿ ಕರಕರ ಅಂತ ಶುರುವಾಯ್ತು. ನಿಮ್ ಪ್ರಿಂಟರ್ ಸಿಕ್ಕಾಕೊಂಡ್ರೆ ಬರುತ್ತಲ್ಲ, ಅದೇ ಸೌಂಡು. ಆಮೇಲೇನೂ ಗೊತ್ತಿಲ್ಲ. ಕಣ್ ಬಿಟ್ ನೋಡಿದ್ರೆ ಎಲ್ರೂ ಎದ್ದು ನಿಂತವ್ರೆ, ನಮ್ಮಮ್ಮ ಖುಷೀಲಿ ಅಳ್ತಾ ಅವ್ರೆ. ನಾನು ತಲೆ ಆಡ್ಸಿ ಒಪ್ಕೊಂಡ್ಬಿಟ್ಟಿದ್ದೀನಂತೆ!"

"ಹುಡುಗಿ ಹೇಗಿದ್ದಾಳೆ?"

"ಅದೇ ಮೇಡಂ, ನೋಡೇ ಇಲ್ಲ!" ಎಂದು ತಲೆ ಚಚ್ಚಿಕೊಂಡ. "ಅವರ ಚಿಕ್ಕಮ್ಮ ಮಾತ್ರ ಕೇಳಿದ್ರು, ಹುಡುಗನ ಹೆಬ್ಬೆಟ್ಟು ಯಾಕ್ ಕರ್ರಗಿದೆ ಅಂತ. ತಟ್ಟೆ ಅಂಚಿಗೆಲ್ಲ ಇಂಕ್ ಆಗಿತ್ತು. ಮನೆ ಬಿಡ್ಬೇಕಾದ್ರೆ ಕೈ ತೊಳ್ಕೊಂಡಿದ್ದೆ, ನಮ್ಮಮ್ಮನಾಣೆ."

ಹೀಗೆನ್ನುತ್ತ ಎದ್ದು ಪ್ರಿಂಟರಿನ ಹತ್ತಿರ ಹೋದವನು ಅಲ್ಲೇ ನಿಂತುಬಿಟ್ಟ. ಅದರ ಮೇಲೆ ಅಂಚುಪಟ್ಟಿಯ ಸ್ಪ್ರಿಂಗೊಂದು ಕುಳಿತಿತ್ತು. ಭಾನುವಾರ ಅವನು ಅದನ್ನು ಮಡಚಿದ್ದನ್ನು ನಾನು ನೋಡಿರಲಿಲ್ಲ. ಅದಕ್ಕೆ ಮುಂಚೆ ಪ್ರಿಂಟರನ್ನು ನಾನೇ ಒರೆಸಿದ್ದೆ.

ಯಜಮಾನರ ಪ್ರಕಾರ ಇದು ನನಗೂ ಸುಶೀಲಮ್ಮನವರಿಗೂ ಬಿಸಿಬೇಳೆಬಾತು ಹೆಚ್ಚಾಗಿ ಹತ್ತಿದ ಜೋಂಪು, ಸರಿಮಾಡಿದ್ದು ನಾನೇ. ಸುಶೀಲಮ್ಮನವರನ್ನು ಕೇಳಿದ್ದಕ್ಕೆ, "ಮೂವತ್ತು ವರ್ಷ ಹಾಜರಿ ಕೂಗಿದೀನಿ. ಯಾರು ಬಂದಿದ್ರು, ಯಾರು ಬಂದಿರ್ಲಿಲ್ಲ ಅಂತ ನಂಗೆ ಹೇಳ್ಕೊಡ್ಬೇಡಿ," ಎಂದು ಯಜಮಾನರ ಬಾಯಿ ಮುಚ್ಚಿಸಿದರು. ಗೋವಿಂದರಾಜುವಿಗೆ ಅವಳಿ ಸೋದರ ಇದ್ದಾನೆಯೇ ಎಂದು ನಾನು ಅಂಗಡಿಯವನಿಗೆ ಫೋನ್ ಮಾಡಿ ವಿಚಾರಿಸಿದೆ. ಒಬ್ಬನೇ ಸಾಕಾಗವ್ನೆ ಎಂದ.

ಮದುವೆ ಆಯಿತು. ಹುಡುಗಿಯ ಹೆಸರು ಭಾಗ್ಯ. ಧಾರೆಯ ದಿನ ಅವನು ಅಂತರಪಟದಾಚೆಗೆ ಅಷ್ಟು ಆತುರದಿಂದ ಇಣುಕಿದ್ದು ಕಂಡು ಎಲ್ಲರೂ ನಕ್ಕರು. ಅದು ಪ್ರೀತಿಯಲ್ಲ, ಮೊದಲ ದರ್ಶನ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು. ಪರದೆ ಇಳಿದಾಗ ಅವನ ಮುಖ ಅರಳಿದ್ದನ್ನು ನೋಡಿ ನನ್ನ ಎದೆಯ ಭಾರವೂ ಇಳಿಯಿತು.

ಒಂದು ವರ್ಷ ಕಳೆದ ಮೇಲೆ ಜಯನಗರದ ಮಾರ್ಕೆಟ್ಟಿನಲ್ಲಿ ಇಬ್ಬರೂ ಸಿಕ್ಕರು. ಅವನು ಹೂಕೋಸಿನವನಿಗೆ ಪ್ರಿಂಟರ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸುತ್ತಿದ್ದ. ಭಾಗ್ಯ ನನ್ನನ್ನು ಪಕ್ಕಕ್ಕೆ ಕರೆದಳು. ಭಾನುವಾರದ ಕಥೆಯನ್ನು ಅವನು ಅವಳಿಗೆ ಹೇಳಿದ್ದನಂತೆ, ಎಷ್ಟೋ ಸಲ.

"ಅಕ್ಕ, ನಮ್ಮನೆಗ್ ಬಂದಾಗ ಇವರು ಒಂದ್ ಮಾತೂ ಆಡ್ಲಿಲ್ಲ. ಎಷ್ಟು ಗಂಭೀರವಾದ ಹುಡುಗ ಅಂತ ನಾನು ಒಪ್ಕೊಂಡಿದ್ದು. ಮದ್ವೆಯಾದ್ಮೇಲೆ ಬಾಯಿ ಮುಚ್ಚಿದ್ದೇ ಇಲ್ಲ. ನಿಮ್ಮಾಫೀಸಿಗ್ ಬಂದೋರೂ ಮಾತಾಡ್ಲಿಲ್ಲ ಅಂತೀರಂತೆ. ನಿಜಾನಾ?"

"ನಿಜ," ಎಂದೆ. "ಒಂದೇ ಒಂದು ಮಾತೂ ಇಲ್ಲ."

ಅವಳು ಗಂಡನತ್ತ ನೋಡಿದಳು. ಹೂಕೋಸಿನವನು ತಕ್ಕಡಿ ಕೆಳಗಿಟ್ಟು ಕೇಳುತ್ತಿದ್ದ.

"ಹಾಗಾದ್ರೆ ಅಕ್ಕ," ಎಂದಳು ಮೆಲ್ಲಗೆ, "ಆವತ್ತು ಸಂಜೆ ಈ ಮಾತಾಡೋರು ಎಲ್ಲಿದ್ರು?"