ಸೀರೆಗೊಂದು ಸಿಟ್ಟು

ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಸೀರೆಗೆ ನನ್ನ ಅಣ್ಣ ಕತ್ತರಿ ಹಾಕಿದ. ಕಾರಣ? ಚಹಾ ತಣ್ಣಗಾಗಿತ್ತು. ಅಷ್ಟೇ.

ಇಳಕಲ್ಲಿನ ನಮ್ಮ ಓಣಿಗೆ ಇದು ಹೊಸದಲ್ಲ. ಅಣ್ಣನಿಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಉಳಿಯುವುದಿಲ್ಲ. ಆಮೇಲೆ ತಾನೇ ಕೂತು ಅಳುತ್ತಾನೆ. ಅದೂ ಒಂದು ಕಾಯಿಲೆ, ಗುಳಿಗೆ ಕೊಟ್ಟು ನೋಡೋಣ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದಾಗ ಅವನ ಹೆಂಡತಿ, ನಮ್ಮ ವೈನಿ, ನಂಬಲಿಲ್ಲ. ನಾನು ನಂಬಿದೆ. (ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಅಣ್ಣ ಸಾಲೆ ಬಿಟ್ಟು ಮಗ್ಗಕ್ಕೆ ಕೂತಿದ್ದರಿಂದ ಮಾಡಿದ್ದು.)

"ಇಂಥ ಸಿಟ್ಟಿಗೆ ಯಾವ ಗುಳಿಗಿ ಎಷ್ಟು ಹಿಡೀತೈತಿ ಅನ್ನೋದರ ಮ್ಯಾಲ ರಿಸರ್ಚ್ ಭಾಳ ಕಮ್ಮಿ ಆಗೇತ್ರಿ," ಎಂದರು ಡಾಕ್ಟರು. "ನೀವು ಬರದು ತಂದದ್ದ ನಮಗ ಆಧಾರ."

ಒಂದು ಇಂಗ್ಲಿಷ್ ಫಾರ್ಮ್ ಕೊಟ್ಟರು. ವಾರಕ್ಕೆ ಎಷ್ಟು ಸಲ ಸಿಟ್ಟು?

"ಸೀರಿಗೊಮ್ಮೆ ಬರತೈತಿ ನೋಡಲೇ," ಎಂದ ಅಣ್ಣ. ಒಂದು ಸೀರೆಗೆ ಹೆಚ್ಚುಕಡಿಮೆ ಒಂದು ವಾರ. ವಾರಕ್ಕೊಮ್ಮೆ ಎಂದು ಬರೆದೆ. ಗುಳಿಗೆ ಶುರುವಾಯಿತು.

ಎರಡು ತಿಂಗಳಾದ ಮೇಲೆ ಬಾಗಲಕೋಟೆಯಲ್ಲಿ ನಾನಿದ್ದ ನವನಗರದ ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. "ಅದ, ಸೀರಿಗೊಮ್ಮೆ." ಬದಲಾವಣೆ ಇಲ್ಲವೆಂದು ಚೆಂದದ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಡಾಕ್ಟರು ಡೋಸ್ ಏರಿಸಿದರು.

ಮುಂದಿನ ತಿಂಗಳು ಊರಿಗೆ ಹೋದರೆ ಮಗ್ಗದ ಸಪ್ಪಳವೇ ಇಲ್ಲ. ಅಣ್ಣ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಹಿಡಿದು, ಗೋಡೆ ನೋಡುತ್ತಾ ಕೂತಿದ್ದಾನೆ.

"ಈಗೂ ಸೀರಿಗೊಮ್ಮೆ ಏನ್ರಿ ವೈನಿ?"

"ಎಲ್ಲೈತಿ ಸೀರಿ, ತಮ್ಮಾ? ಗುಳಿಗಿ ತಗೊಳಾಕ ಹತ್ತಿದ ಮ್ಯಾಲ ಒಂದು ಸೀರಿಗೆ ಮೂರು ವಾರ ಹಿಡೀತಿತ್ತು. ಈಗಂತೂ ಮುಗಿಯೂದ ಇಲ್ಲ. ಇಷ್ಟು ಕಲ್ತಾಂವ, ಅದೊಂದು ಕೇಳಲಿಲ್ಲೇನು?"

ಅಂದರೆ ಮೊದಲ ಡೋಸಿಗೇ ಸಿಟ್ಟು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು! ಡೋಸ್ ಏರಿದ್ದು ಅಣ್ಣನ ಸಿಟ್ಟಿಗಲ್ಲ, ನನ್ನ ಬರವಣಿಗೆಗೆ.

ಮರುದಿನವೇ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡೆ. ಡೋಸ್ ಇಳಿಸಿದರು. "ಸಾವಕಾಶ ಸರಿ ಹೋಗಬಹುದ್ರಿ. ಕಾಯಬೇಕು."

ಕಾಯುತ್ತಿದ್ದೇನೆ. ಪ್ರತಿ ಭಾನುವಾರ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಮೊದಲು ನನ್ನ ಇಸ್ತ್ರಿ ಅಂಗಿ ಕಂಡರೆ "ಬಂದ್ರಪಾ ಸಾಹೇಬ್ರು, ಕುರ್ಚಿ ತರ್ರಿ" ಎಂದು ಕಾಡುತ್ತಿದ್ದ. ಬಿ.ಎ. ಮಾಡಿದ ಮೇಲೆ ಓಣಿಯಲ್ಲಿ ಎಲ್ಲರೂ ನನಗೆ ಬಹುವಚನ ಹಚ್ಚಿದರು. "ಲೇ" ಎನ್ನುವವನು ಅವನೊಬ್ಬನೇ ಉಳಿದಿದ್ದ. ಈಗ ಅವನೂ ಸುಮ್ಮನೆ ನೋಡುತ್ತಾನೆ.

ಮೊನ್ನೆ ಭಾನುವಾರ ಬೇಕೆಂದೇ ಅವನ ಮಗ್ಗದ ಒಂದು ಎಳೆ ಹರಿದೆ. ಅಣ್ಣ ನನ್ನತ್ತ ತಿರುಗಲೂ ಇಲ್ಲ. ನಿಧಾನ ಬಗ್ಗಿ, ಗಂಟು ಹಾಕಿದ.

ಅಣ್ಣನ ಸಿಟ್ಟಿಗೆ ಡಾಕ್ಟರ ಬಳಿ ಒಂದು ಹೆಸರಿದೆ. ಆ ಸಿಟ್ಟು ಒಮ್ಮೆ ಬರಲಿ ಎಂದು ಕಾದು ಕೂತವನ ಕಾಯಿಲೆಗೆ ಏನೆನ್ನುತ್ತಾರೆ?