ದೂರಕ್ಕೆ ಕಾಣುವ ಅಕ್ಷರ

ತಿಪಟೂರಿನ ಆ ಪುಟ್ಟ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಯಾವ ಗಿರಾಕಿ ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ: "ದೂರದಿಂದ ಏನು ಕಾಣ್ಬೇಕು?"

ಮರದಲ್ಲಿ ಕೆತ್ತಿದ, ಎರಡು ಬೆರಳಗಲದ ದಪ್ಪಕ್ಷರಗಳು ಅವರ ಬಳಿ ಒಂದು ಪೆಟ್ಟಿಗೆಯಷ್ಟು ಇದ್ದವು. ಒಂದು ಹಾಳೆಗೆ ಅದರಲ್ಲಿ ಒಂದೇ ಸಾಲು. ಹೆಚ್ಚು ಕೇಳಿದರೆ ಪೆಟ್ಟಿಗೆ ಮುಚ್ಚಿಬಿಡುತ್ತಿದ್ದರು. ಮೊದಲ ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ರಸ್ತೆ ದಾಟಿ, ಎದುರಿನ ತೆಂಗಿನ ಮರಕ್ಕೆ ಒರಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

ನಾನು ಶಾಲೆಯ ಪ್ರಶ್ನೆಪತ್ರಿಕೆಯ ಕರಡು ತಿದ್ದುತ್ತ ಅಲ್ಲಿ ಕೂತಿದ್ದ ದಿನ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದರು. ಸಂತೆಯಲ್ಲಿ ಅವರ ಎಮ್ಮೆ ತಪ್ಪಿಸಿಕೊಂಡಿತ್ತು. ಕರಪತ್ರದಲ್ಲಿ ತಮ್ಮ ಹೆಸರೇ ದಪ್ಪಗೆ ಬರಬೇಕೆಂದರು.

"ಕಳ್ದೋಗಿರೋದು ನೀವಾ ಸ್ವಾಮಿ, ಎಮ್ಮೇನಾ?" ಎಂದರು ಮೊಳೆ ಜೋಡಿಸುವವರು.

ವ್ಯಾಪಾರಿ ಮುಖ ಊದಿಸಿಕೊಂಡರು. ಆದರೂ ಊರ ಗೋಡೆಗಳ ಮೇಲೆಲ್ಲ ದಪ್ಪಗೆ ಕಂಡದ್ದು "ಬಲಗೊಂಬು ಮುರಿದ ಎಮ್ಮೆ" ಎಂಬುದೊಂದೇ. ವಾರದೊಳಗೆ ಎಮ್ಮೆ ತುರುವೇಕೆರೆ ದಾರಿಯ ತೋಟವೊಂದರಲ್ಲಿ ಸಿಕ್ಕಿತು.

ಮುಂದಿನ ಬೇಸಿಗೆಯಲ್ಲಿ ನಾನು ಮತ್ತೆ ಅಲ್ಲಿ ಕೂತಿದ್ದಾಗ ಅದೇ ವ್ಯಾಪಾರಿ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಮತ್ತದೇ ಪ್ರಶ್ನೆ. ವ್ಯಾಪಾರಿ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಮಗಳ ಹೆಸ್ರು ಕಣಪ್ಪ. ನಂದು ಎಲ್ಲಾದ್ರೂ ಇರ್ಲಿ ಬುಡು."

ಕೈಯಲ್ಲಿ ಹಿಡಿದು ಓದುವ ಪತ್ರಿಕೆಗೆ ಅಷ್ಟು ದೊಡ್ಡ ಅಕ್ಷರ ಯಾಕೆಂದು ನನಗನ್ನಿಸಿತು. ಮೊದಲ ಪ್ರತಿ ತೆಗೆದಾಗ ಈ ಸಲ ಮೊಳೆ ಜೋಡಿಸುವವರು ರಸ್ತೆ ದಾಟಲಿಲ್ಲ. ಪ್ರತಿಯನ್ನು ಬಾಗಿಲಿಗೆ ಅಂಟಿಸಿ, "ನೀವೇ ಹೋಗಿ ನೋಡ್ರೀ" ಎಂದರು.

ವ್ಯಾಪಾರಿ ತೆಂಗಿನ ಮರಕ್ಕೆ ಒರಗಿ ಒಂದು ಕಣ್ಣು ಮುಚ್ಚಿದರು. ಅಡ್ಡ ಬಂದ ಬಸ್ಸು ಹೋಗುವವರೆಗೆ ಕಾದು, ಅಲ್ಲಿಂದಲೇ ಕೂಗಿದರು:

"ಕಾಣ್ತಾಳೆ ಕಣಪ್ಪಾ!"